ಆನೆ ಗ್ರೂಪ್‌ಗೆ ಹಾಕಿದ ಹನ್ನೆರಡು ಸೆಕೆಂಡಿನ ವಿಡಿಯೊ, ಈಗ ಏನು ಮಾಡಲಿ?

ಕಣದಮನೆ:

ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ. ಆರೂವರೆ ಎಕರೆ ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಎರಡು ದನ, ಒಂದು ನಾಯಿ. ಇಲ್ಲಿ ಸಾಮಾನ್ಯವಾಗಿ ಮೆಣಸಿನ ಸೊರಗು ರೋಗ, ಪಂಪ್‌ಸೆಟ್ ಅಂತ ಬರೆಯುವವನು. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಊರಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಶುರುವಾದದ್ದು. ಯಾವ ರಸ್ತೆ ಮುಚ್ಚಿದೆ, ಯಾರ ಮನೆಗೆ ಅಕ್ಕಿ ಬೇಕು ಅಂತ ತಿಳಿಯೋಕೆ. ಮಳೆ ನಿಂತ ಮೇಲೆ ಅದು ಆನೆ ಗ್ರೂಪ್ ಆಯಿತು. "ಸೇತುವೆ ಹತ್ತಿರ ಮೂರು ಇವೆ, ಒಂದು ಮರಿ, ಮಕ್ಕಳನ್ನು ಒಬ್ಬರೇ ಕಳಿಸಬೇಡಿ." ಇಂಥ ಮೆಸೇಜು. ಈಗ 214 ಜನ ಇದ್ದೇವೆ. ಅದರಲ್ಲಿ ಅರ್ಧ ಜನ ಊರಲ್ಲೇ ಇಲ್ಲ, ಬೆಂಗಳೂರು, ಮೈಸೂರು, ದುಬೈ.

ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗುತ್ತಿತ್ತು. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಬೆಲೆ ಚೀಲಕ್ಕೆ ಹತ್ತು ಸಾವಿರದ ಆಸುಪಾಸಿಗೆ ಹೋದ ಮೇಲೆ ಕಣ ಕಾಯುವುದೇ ಒಂದು ಕೆಲಸ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಸಿಮ್ ಹಾಕುವ ಎರಡು ಕ್ಯಾಮೆರಾ ತರಿಸಿದೆ. ಒಂದು ಕಣಕ್ಕೆ, ಒಂದು ಗೇಟಿಗೆ. ಮೇಲೆ ಪುಸ್ತಕದಷ್ಟು ಅಗಲದ ಸೋಲಾರ್ ಪ್ಲೇಟ್. ವೈರಿಂಗ್ ಕೆಲಸದ ಹುಡುಗನೊಬ್ಬ ಬಂದು ಕೂರಿಸಿಕೊಟ್ಟ. ಮೊದಲ ಎರಡು ದಿನ ದನ ಅಲ್ಲಾಡಿದರೂ ಫೋನ್ ಕೂಗುತ್ತಿತ್ತು, ಅದಕ್ಕೆ ನೋಟಿಫಿಕೇಶನ್ ಆಫ್ ಮಾಡಿದೆ.

ಹತ್ತನೇ ದಿನ ಬೆಳಿಗ್ಗೆ ಎಣಿಸಿದರೆ ಎರಡು ಚೀಲ ಕಡಿಮೆ. ಕಣದ ಕ್ಯಾಮೆರಾದಲ್ಲಿ ಏನೂ ಇಲ್ಲ, ಬರೀ ಮಂಜು. ಗೇಟಿನದರಲ್ಲಿ ಒಂದು ಕ್ಲಿಪ್ ಇತ್ತು. ಹನ್ನೆರಡು ಸೆಕೆಂಡು. ಕಪ್ಪು ಬಿಳುಪು. ಒಂದು ಸ್ಕೂಟರ್ ನಿಂತಿದೆ, ಹಿಂದೆ ದೊಡ್ಡ ಬಾಕ್ಸ್ ಕಟ್ಟಿದ್ದಾರೆ. ಪಂಚೆ ಎತ್ತಿ ಕಟ್ಟಿದ ಒಬ್ಬ ಮನುಷ್ಯ, ತಲೆಗೆ ಅಂಟಿದ ಬಿಳಿ ಟೋಪಿ. ಗೇಟಿನ ಹೊರಗೆ ನಮ್ಮ ಅಪ್ಪ ದಾರಿಹೋಕರಿಗೆ ಅಂತ ಹಾಕಿಸಿದ ನಲ್ಲಿ ಇದೆ. ಅದರ ಬುಡದಲ್ಲಿ ಬಗ್ಗಿ ಎರಡು ಕೈಯಲ್ಲಿ ಏನೋ ಮಾಡುತ್ತಿದ್ದಾನೆ. ಮುಖ ಕಾಣಲ್ಲ. ಅಷ್ಟಕ್ಕೇ ಮುಗಿಯಿತು. ಮೂಲೆಯಲ್ಲಿ ಸಮಯ 00:42.

ನಾನು ಅದನ್ನು ಆನೆ ಗ್ರೂಪ್‌ಗೆ ಹಾಕಿದೆ. "ಇವರು ಯಾರು ಅಂತ ಯಾರಿಗಾದರೂ ಗೊತ್ತಾ? ರಾತ್ರಿ 12:42, ನಮ್ಮ ಗೇಟ್ ಹತ್ತಿರ." ನಾನು ಬರೆದದ್ದು ಇಷ್ಟೇ. ಹಲ್ಲುಜ್ಜೋಕೆ ಹೋದೆ.

ಬರುವಷ್ಟರಲ್ಲಿ ಮೂವತ್ತಾರು ಮೆಸೇಜು. ಒಬ್ಬರು "ಬಾಕ್ಸ್ ನೋಡಿ" ಅಂದರು. ಇನ್ನೊಬ್ಬರು "ಟೋಪಿ ನೋಡಿ" ಅಂದರು. ಮತ್ತೊಬ್ಬರು "ನೀರಿಗೆ ಏನೋ ಹಾಕ್ತಿದ್ದಾನೆ." ನನ್ನ ನಾಯಿ ರಾತ್ರಿ ಬಿಟ್ಟೇ ಇರುತ್ತದೆ, ಅದು ಬೊಗಳಲಿಲ್ಲ ಅಂತ ನಾನು ಬಾಯಿತಪ್ಪಿ ಹೇಳಿದೆ. "ಹಾಗಾದ್ರೆ ನಾಯಿಗೂ ಏನೋ ಹಾಕಿದ್ದಾನೆ" ಅಂತ ಉತ್ತರ ಬಂತು. ಎರಡು ಚೀಲ ಕಾಫಿಯ ಮಾತು ಅಲ್ಲಿಗೆ ಮುಗಿದುಹೋಯಿತು. ಮಧ್ಯಾಹ್ನ ಮೈಸೂರಿನಿಂದ ನನ್ನ ಹೆಂಡತಿಯ ಚಿಕ್ಕಮ್ಮ ಅದೇ ಕ್ಲಿಪ್ ನಮಗೇ ಕಳಿಸಿದರು. ಮೇಲೆ ಕೆಂಪು ಅಕ್ಷರ: "ಎಚ್ಚರ ಕೊಡಗು! ನಡುರಾತ್ರಿ ಕುಡಿಯುವ ನೀರಿಗೆ ಕೈ ಹಾಕಿದ ಉಗ್ರ!" ಪಕ್ಕದಲ್ಲಿ ಆ ಎರಡು ಬಾಣದ ಗುರುತು, ಅಂದರೆ ತುಂಬ ಸಲ ಫಾರ್ವರ್ಡ್ ಆದದ್ದು. "ಜೋಪಾನ ಮಕ್ಕಳೇ, ಬಾಗಿಲು ಹಾಕಿಕೊಳ್ಳಿ" ಅಂತ ಅವರದೊಂದು ಸಾಲು ಬೇರೆ.

ಸಂಜೆ ಗ್ರೂಪ್‌ನಲ್ಲಿ ಒಬ್ಬರು ಬರೆದರು: "ಕೋವಿ ತುಂಬಿಸಿ ಇಟ್ಟಿದ್ದೀನಿ, ಬರಲಿ." ಹೊರಗಿನವರಿಗೆ ಇದು ಸುಮ್ನೆ ಜಂಬದ ಮಾತು ಅನ್ನಿಸಬಹುದು. ನಮ್ಮಲ್ಲಿ ಕೊಡವರಿಗೂ ಜಮ್ಮಾ ಅನ್ನುವ ಹಳೇ ವಂಶದ ಹಿಡುವಳಿ ಇರುವವರಿಗೂ ಕೋವಿಗೆ ಲೈಸೆನ್ಸ್ ಬೇಡ, ಆ ವಿನಾಯಿತಿ 2029ರವರೆಗೆ ಇದೆ. ಕೈಲ್‌ಪೊಳ್ದ್ ಅನ್ನುವ ನಮ್ಮ ಆಯುಧದ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುವ ವಸ್ತು ಅದು. ಮನೆಯಲ್ಲಿ ನಿಜವಾಗಿ ಇರುತ್ತದೆ. ಓದಿ ನನ್ನ ಕೈ ನಡುಗಿತು.

ಮರುದಿನ ಹತ್ತು ಗಂಟೆಗೆ ಗೊತ್ತಾಯಿತು. ಅದು ಮೀನಿನ ಕಾಕ.

ಇಪ್ಪತ್ತು ವರ್ಷದಿಂದ ನಮ್ಮ ಊರಿಗೆ ಮತ್ತಿ, ಬಂಗಡೆ ತರುವ ಮನುಷ್ಯ. ನಾವೆಲ್ಲ ಕಾಕ ಅಂತಲೇ ಕರೆಯುವುದು. ಆ 214 ಜನರಲ್ಲಿ ಊರಲ್ಲಿರುವವರೆಲ್ಲ ಅವರ ಹತ್ತಿರ ಸಾಲ ಹೇಳಿ ಮೀನು ತಿಂದವರೇ. ರಬ್ಬರ್ ಹಾರ್ನ್ ಒಂದು ಸಲ ಒತ್ತಿದ್ದರೆ ಬೆಕ್ಕೂ ಗುರುತು ಹಿಡಿಯುತ್ತಿತ್ತು. ವಿಡಿಯೊದಲ್ಲಿ ಹಾರ್ನ್ ಇರಲಿಲ್ಲ. ನಾಯಿ ಯಾಕೆ ಬೊಗಳಲಿಲ್ಲ ಅಂದರೆ ದಿನಾ ಅದಕ್ಕೆ ಮೀನಿನ ತಲೆ ಹಾಕುವವರು ಅವರೇ.

ಗೊತ್ತಾದದ್ದು ಹೇಗೆಂದರೆ, ಎರಡು ಮೈಲಿ ಆಚೆ ನಾಲ್ಕು ಹುಡುಗರು ಅವರ ಸ್ಕೂಟರ್ ಅಡ್ಡಗಟ್ಟಿ ಕೀ ಕಿತ್ತುಕೊಂಡು, ಬಾಕ್ಸ್ ತೆರೆಸಿ, ಐಸ್ ಎಲ್ಲ ರಸ್ತೆಗೆ ಸುರಿಸಿದರು. ಅದನ್ನೂ ವಿಡಿಯೊ ಮಾಡಿಕೊಂಡರು. ಯಾರೋ ಹಿರಿಯರು ಬಂದು ಬಿಡಿಸಿದರು. ಏಟು ಬಿದ್ದಿಲ್ಲ. ಅವತ್ತಿನ ಮೀನೆಲ್ಲ ಹೋಯಿತು. ಆಮೇಲೆ ಕಾಕ ನಮ್ಮ ದಾರಿಗೆ ಬಂದಿಲ್ಲ.

ಫೋನ್ ಮಾಡಿದೆ. "ವಿರಾಜಪೇಟೆಗೆ ಲೋಡ್ ಬೇಗ ಬರುತ್ತೆ ಅಂದ್ರು ಸಾವ್ಕಾರ್ರೆ. ಮಸೀದೀಲಿ ಬೆಳಗಿನ ಬಾಂಗ್ ಆಗೋಕೆ ಮೊದಲೇ ಮನೆ ಬಿಟ್ಟೆ. ದಾರೀಲಿ ಹೊತ್ತು ಮೀರುತ್ತೆ ಅಂತ ನಿಮ್ಮ ನಲ್ಲೀಲಿ ಕೈಕಾಲು ತೊಳ್ದು, ಹಲಸಿನ ಮರದ ಬುಡದಲ್ಲಿ ಗೋಣಿ ಹಾಸಿ ನಮಾಜ್ ಮಾಡಿದೆ. ತಪ್ಪಾಯ್ತಾ?" ಅಂದರು. ತಪ್ಪಾಯ್ತಾ ಅಂತ ಅವರು ನನ್ನನ್ನು ಕೇಳಿದರು. ನನ್ನ ಬಾಯಿಂದ ಮಾತು ಬರಲಿಲ್ಲ.

ಈಗ ನನ್ನ ತಲೆನೋವು ಮೂರು.

ಗ್ರೂಪ್‌ನಿಂದ ಕ್ಲಿಪ್ ತೆಗೆದೆ. ಆದರೆ ಹೊರಗೆ ಹೋದದ್ದು ಹೋಗಿಯೇ ಇದೆ. ಅದನ್ನು ಹಿಡಿಯುವ ದಾರಿ ಏನಾದರೂ ಇದೆಯಾ? ಪೊಲೀಸರಿಗೆ ಹೇಳಬೇಕಾ? ಹೇಳಿದರೆ ಕಾಕನಿಗೆ ಇನ್ನೂ ತೊಂದರೆ ಆಗುತ್ತಾ?

ಇನ್ನೊಂದು, ಬರೆಯೋಕೇ ನಾಚಿಕೆ. ಕಾಕ ಬೆಳಿಗ್ಗೆ ಅಂತಾರೆ. ಕ್ಯಾಮೆರಾ ರಾತ್ರಿ 12:42 ಅನ್ನುತ್ತೆ. ಕಾಕ ಸುಳ್ಳು ಹೇಳುವವರಲ್ಲ. ಯಂತ್ರ ಯಾಕೆ ಸುಳ್ಳು ಹೇಳುತ್ತೆ? ನನ್ನೊಳಗೆ ಎಲ್ಲೋ ಒಂದು ಮುಳ್ಳು ಉಳಿದಿದೆ.

ಮೂರನೇದು. ಆ ಕೆಂಪು ಅಕ್ಷರ ಬರೆದವನು ನನ್ನ ಅಕ್ಕನ ಮಗ. ಇಪ್ಪತ್ತು ವರ್ಷ, ಡಿಗ್ರಿ ಓದುತ್ತಿದ್ದಾನೆ, ರಜೆಗೆ ನಮ್ಮ ಮನೆಯಲ್ಲೇ ಇದ್ದ. ಕೇಳಿದರೆ "ಮಾವ, ನಿಮಗೆ ದೇಶದಲ್ಲಿ ಏನು ನಡೀತಿದೆ ಗೊತ್ತಿಲ್ಲ" ಅಂದ. ಕಾಕ ಅಂತ ತಿಳಿದ ಮೇಲೂ "ಇವರಲ್ಲದಿದ್ರೆ ಇನ್ನೊಬ್ಬರು" ಅಂದ. ಚಿಕ್ಕವನಿದ್ದಾಗ ಅದೇ ಸ್ಕೂಟರ್ ಮುಂದೆ ನಿಂತು ಹಾರ್ನ್ ಒತ್ತಿದವನು. ಅವನ ಫೋನ್ ಕಿತ್ತುಕೊಳ್ಳಲಾ?

ಗೋಣಿಕೊಪ್ಪ ವೈರಿಂಗ್:

ಅಣ್ಣ, ಎರಡನೇದಕ್ಕೆ ನಾನು ಉತ್ತರ ಕೊಡ್ತೀನಿ. ಯಂತ್ರ ಸುಳ್ಳು ಹೇಳಿಲ್ಲ, ಅದು ಇಂಗ್ಲೆಂಡಿನ ಟೈಮ್ ಹೇಳಿದೆ.

ಈ ಸಿಮ್ ಕ್ಯಾಮೆರಾ ಪೆಟ್ಟಿಗೆಯಿಂದ ತೆಗೆದಾಗ ಎಷ್ಟೋ ಸಲ ಗ್ರೀನಿಚ್ ಸಮಯದಲ್ಲೇ ಇರುತ್ತೆ. ಕೂರಿಸುವವನು ಟೈಮ್‌ಜೋನ್ ಬದಲಾಯಿಸಬೇಕು. ಆತುರದಲ್ಲಿ ಬಿಟ್ಟುಬಿಡ್ತಾರೆ, ನಾನೂ ಬಿಟ್ಟಿದ್ದೀನಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 00:42ಕ್ಕೆ 5:30 ಕೂಡಿಸಿ. 6:12 ಆಯ್ತಲ್ಲ? ಜನವರಿಯಲ್ಲಿ ಆರು ಕಾಲಿಗೆ ನಮ್ಮ ತೋಟಗಳಲ್ಲಿ ಇನ್ನೂ ಕತ್ತಲೆ. ನಂಬಿಕೆ ಬರದಿದ್ರೆ ಈಗಲೇ ಗೇಟ್ ಹತ್ತಿರ ಹೋಗಿ ನಿಂತು, ಆಗ ಬರುವ ಹೊಸ ಕ್ಲಿಪ್‌ನ ಮೂಲೆಯ ಟೈಮ್‌ಗೂ ನಿಮ್ಮ ಫೋನಿನ ಟೈಮ್‌ಗೂ ತಾಳೆ ನೋಡಿ.

ಬಿಳಿ ಟೋಪಿ ಅಂದ್ರಲ್ಲ. ಅದನ್ನೂ ನಂಬಬೇಡಿ. ಕತ್ತಲಲ್ಲಿ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತೆ. ಬಣ್ಣವೇ ಇರಲ್ಲ. ಕಪ್ಪು, ಕಂದು ಬಟ್ಟೆ ಕೂಡ ಎಷ್ಟೋ ಸಲ ಬಿಳಿಚಿಕೊಂಡು ಕಾಣುತ್ತೆ. ನನ್ನ ನೀಲಿ ಜಾಕೆಟ್ ನನ್ನದೇ ಕ್ಯಾಮೆರಾದಲ್ಲಿ ಹಾಲಿನ ಬಣ್ಣ. ಹನ್ನೆರಡು ಸೆಕೆಂಡಿಗೆ ನಿಂತದ್ದು ಬ್ಯಾಟರಿ ಉಳಿಸೋಕೆ. ಒಂದು ತುಣುಕು ಹಿಡಿದು ಸ್ವಲ್ಪ ಹೊತ್ತು ಮಲಗುತ್ತೆ ಅದು. ನಮಾಜ್ ಮಾಡಿದ್ದು ಅದಕ್ಕೇ ಸಿಕ್ಕಿಲ್ಲ. ನಿಮ್ಮ ಕಳ್ಳ ಕಣದಲ್ಲಿ ಸಿಗದೇ ಇರೋಕೂ ಇದೇ ಕಾರಣ ಇರಬಹುದು.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಕ್ಯಾಮೆರಾ ಆ್ಯಪ್‌ನ ಅಕೌಂಟ್ ಯಾರ ನಂಬರ್‌ನಲ್ಲಿ ಮಾಡಿದ್ದು? ಕೂರಿಸಿದ ಹುಡುಗನ ನಂಬರ್‌ನಲ್ಲಾ? ಸೆಟಿಂಗ್ಸ್‌ನಲ್ಲಿ ಡಿವೈಸ್ ಶೇರ್ ಅಂತ ಇರುತ್ತೆ, ತೆರೆದು ನೋಡಿ. ಅವನ ಹೆಸರಿದ್ರೆ ನಿಮ್ಮ ಕಣದಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಅವನ ಮೊಬೈಲ್‌ನಲ್ಲೂ ಕಾಣುತ್ತೆ. ಹುಡುಗ ಕೆಟ್ಟವನು ಅಂತ ಅಲ್ಲ. ಬೀಗ ಹಾಕಿಕೊಟ್ಟವನ ಹತ್ತಿರ ಇನ್ನೊಂದು ಕೀ ಉಳಿಯಬಾರದು, ಅಷ್ಟೇ. ಪಾಸ್‌ವರ್ಡ್ ಕೂಡ ಪೆಟ್ಟಿಗೆ ಮೇಲೆ ಬರೆದಿದ್ದೇ ಇದ್ರೆ ಇವತ್ತೇ ಬದಲಾಯಿಸಿ.

ಕಣದಮನೆ:

ಈಗ ತಾನೇ ಹೋಗಿ ಬಂದೆ. ಟಾರ್ಚ್ ಹಿಡಿದು ಗೇಟ್ ಮುಂದೆ ನಿಂತೆ. ಫೋನಿನಲ್ಲಿ ರಾತ್ರಿ 7:05. ಕ್ಲಿಪ್‌ನಲ್ಲಿ 13:35.

ಅಲ್ಲೇ ನಲ್ಲಿ ಕಟ್ಟೆ ಮೇಲೆ ಕೂತುಬಿಟ್ಟೆ. ಮೂರು ಗುಂಡಿ ಒತ್ತಿದ್ದರೆ ಆಗುತ್ತಿದ್ದ ಕೆಲಸ. ನಾನು "ಬೆಳಿಗ್ಗೆ 6:12ಕ್ಕೆ ಗೇಟ್ ಹತ್ತಿರ ಯಾರೋ ಕೈಕಾಲು ತೊಳೆಯುತ್ತಿದ್ದಾರೆ" ಅಂತ ಹಾಕಿದ್ದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಶೇರ್ ಲಿಸ್ಟ್‌ನಲ್ಲಿ ಎರಡು ನಂಬರ್ ಇದ್ದವು. ಒಂದು ಆ ಹುಡುಗನದು. ಇನ್ನೊಂದು ಯಾರದೋ ಗೊತ್ತಿಲ್ಲ. ಎರಡೂ ತೆಗೆದೆ. ಕಣದ ಕ್ಯಾಮೆರಾಗೆ ನಮ್ಮ ಕೆಲಸಗಾರರು ಇರುವ ಲೈನ್‌ಮನೆಯ ಹೆಂಗಸರು ಪಾತ್ರೆ ತೊಳೆಯುವ, ಸ್ನಾನಕ್ಕೆ ನೀರು ಕಾಯಿಸುವ ಜಾಗವೂ ಕಾಣುತ್ತದೆ. ಅದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ನನ್ನ ಹೆಂಡತಿ ಗಮನಿಸಿ ಹೇಳಿದಳು. ನಾಳೆ ಬೆಳಿಗ್ಗೆ ತಿರುಗಿಸುತ್ತೇನೆ.

ನೇರನುಡಿ:

ಎಲ್ಲರೂ ಸೇರಿ ಇವರನ್ನು ಅಪರಾಧಿ ಮಾಡೋದು ಬೇಡ. ಮನೆ ಮುಂದೆ ಗುರುತಿಲ್ಲದ ಮನುಷ್ಯ ನಿಂತಿದ್ರೆ ಕೇಳೋದು ತಪ್ಪಾ? 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದಲ್ಲಿ ಕುಕ್ಕರ್ ಸಿಡಿದದ್ದು ಕಥೆ ಅಲ್ಲ. ಪಾಪ, ಏನೂ ಅರಿಯದ ಆಟೋ ಡ್ರೈವರ್ ಸುಟ್ಟುಕೊಂಡ. ಅವತ್ತು ಆ ಬ್ಯಾಗ್ ನೋಡಿ ಯಾರಾದ್ರೂ ಅನುಮಾನ ಪಟ್ಟಿದ್ರೆ ಒಳ್ಳೇದಿತ್ತು ಅಲ್ವಾ? ನೂರು ಸಲ ಅನುಮಾನ ತಪ್ಪಾಗಲಿ, ಒಂದು ಸಲ ಸರಿಯಾದ್ರೆ ಸಾಕು. ಕಾಕನಿಗೆ ಬೇಜಾರಾಯ್ತು, ಒಪ್ತೀನಿ. ಮೀನಿನ ದುಡ್ಡು ಕೊಟ್ಟು ಮುಗಿಸಿ.

ಹಳೇ ಲಾಠಿ:

ನಾನು ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು, ಈಗ ಕುಶಾಲನಗರದಲ್ಲಿ ಮನೆ ಕಟ್ಟಿಕೊಂಡು ಮೊಮ್ಮಗನ ಜತೆ ಕೇರಂ ಆಡುತ್ತೇನೆ.

ನೇರನುಡಿ ಅವರೇ, ಮಂಗಳೂರಿನದು ನಿಜ. ಅನುಮಾನ ಪಡಬೇಡಿ ಅಂತ ನಾನೂ ಹೇಳಲ್ಲ, ಇಡೀ ಆಯುಷ್ಯ ಅದೇ ಕೆಲಸ ಮಾಡಿದವನು. ಆದರೆ ಅನುಮಾನ ಬಂದರೆ 112ಕ್ಕೆ ಹೇಳಬೇಕು, ಇಲ್ಲಾ ಬೀಟ್ ಪೊಲೀಸಿಗೆ ಹೇಳಬೇಕು. 214 ಜನಕ್ಕೆ ಹೇಳಿದರೆ ಅದು ಡಂಗುರ. ನಿಜವಾದ ಕೇಡಿಗನಾದರೂ ಆ ಗ್ರೂಪ್‌ನಲ್ಲಿ ಅವನ ಭಾವನೋ ಗೆಳೆಯನೋ ಇರುತ್ತಾನೆ, ನಾವು ಜೀಪ್ ಹತ್ತುವ ಮೊದಲೇ ಅವನು ಊರು ಬಿಟ್ಟಿರುತ್ತಾನೆ. ಕೇಡಿಗನಲ್ಲದವನು ಮಾತ್ರ ಸಿಕ್ಕಿಬೀಳುತ್ತಾನೆ. ಅವನಿಗೆ ಓಡಬೇಕು ಅಂತಲೇ ಗೊತ್ತಿರಲ್ಲ.

"ನೂರು ಸಲ ತಪ್ಪಾಗಲಿ" ಅಂದಿರಿ. ಒಂದು ಸಲ ತಪ್ಪಾದರೆ ಏನಾಗುತ್ತೆ ಹೇಳುತ್ತೇನೆ. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದ್ ಕಡೆಯಿಂದ ಬಂದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹೋಯಿತು. ಕಾರು ಮುಂದಿನ ಊರು ಮುಟ್ಟುವಷ್ಟರಲ್ಲಿ ಜನ ಕಾದಿದ್ದರು. ಒಬ್ಬ ಇಂಜಿನಿಯರ್ ಹುಡುಗ ಸತ್ತ. ಆ ತಿಂಗಳೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿದ್ದು. ಈಗ ನಿಮ್ಮ ಎರಡು ಬಾಣದ ಮೆಸೇಜ್ ಒಂದು ಸಲಕ್ಕೆ ಒಂದೇ ಕಡೆ ಹೋಗುತ್ತೆ. ಆದರೂ ಮೈಸೂರಿನ ಚಿಕ್ಕಮ್ಮನನ್ನು ಮುಟ್ಟಿ ವಾಪಸ್ ಬಂತಲ್ಲ!

ವಾಟ್ಸಾಪ್ ಒಂದರ ತಪ್ಪು ಅಂತಲೂ ಅಲ್ಲ. 2012ರ ಆಗಸ್ಟ್‌ನಲ್ಲಿ ಬಂದೋಬಸ್ತಿಗೆ ಅಂತ ನನ್ನನ್ನು ಬೆಂಗಳೂರಿಗೆ ಕಳಿಸಿದ್ದರು. ಈಶಾನ್ಯ ರಾಜ್ಯದ ಹುಡುಗರು ಸಾವಿರಗಟ್ಟಲೆ ರೈಲ್ವೆ ಸ್ಟೇಷನ್‌ನಲ್ಲಿ, ಕೈಯಲ್ಲಿ ಸೂಟ್‌ಕೇಸು, ಅಕ್ಕಿ ಕುಕ್ಕರು. ದಾಳಿ ಆಗುತ್ತೆ ಅಂತ ಹೆದರಿ ಊರಿಗೆ ಹೊರಟವರು, ಎಲ್ಲಾ ಎಸ್ಸೆಮ್ಮೆಸ್ಸಿನ ಕೆಲಸ. ಆಗಲೂ ಸರ್ಕಾರ ದಿನಕ್ಕೆ ಐದು ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತ್ತು. 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಟಿಪ್ಪು ಜಯಂತಿ ದಿನ ಜೀವ ಹೋಯಿತು. ಅವತ್ತು ನಾನು ರಸ್ತೆಯಲ್ಲಿ ನಿಂತಿದ್ದೆ. ನಮ್ಮ ವೈರ್‌ಲೆಸ್‌ಗಿಂತ ಮೊದಲು ಜನರ ಮೊಬೈಲ್ ಮಾತಾಡುತ್ತಿತ್ತು, ಅರ್ಧ ನಿಜ, ಅರ್ಧ ಕಟ್ಟಿದ್ದು. ಯಾವ ಅರ್ಧ ಅಂತ ಸಂಜೆವರೆಗೆ ನಮಗೂ ಗೊತ್ತಾಗಲಿಲ್ಲ.

ಈಗ ಕೆಲಸದ ಮಾತು. ಕಣದಮನೆಯವರೇ, ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ಇಡಿ. ಅಸಲಿ ಕ್ಲಿಪ್ ಅಳಿಸಬೇಡಿ. 7:05ಕ್ಕೆ 13:35 ತೋರಿಸಿದ ಕ್ಲಿಪ್ಪನ್ನೂ ಇಡಿ, ಅದು ಕಾಕನ ಪರವಾದ ಸಾಕ್ಷಿ. ಕೆಂಪು ಅಕ್ಷರದ ಮೆಸೇಜ್, ಕೋವಿ ಮೆಸೇಜ್ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 1930ಕ್ಕೆ ಫೋನ್ ಮಾಡಿ ಅಂತ ಯಾರಾದರೂ ಹೇಳಿಯಾರು, ಅದು ದುಡ್ಡು ಕಳಕೊಂಡವರಿಗೆ. ನಿಮ್ಮ ಠಾಣೆಗೆ ಹೋಗಿ, ಇಲ್ಲಾ ಮಡಿಕೇರಿಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ. ಕೋಮು ದ್ವೇಷಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 196, ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಕೆರಳಿಸಿದ್ದಕ್ಕೆ 353. ನಿಮ್ಮ ಅಳಿಯನಿಗೆ ಈ ಎರಡು ನಂಬರ್ ತೋರಿಸಿ. ಹೆದರಿಸೋಕಲ್ಲ, ಅವನ ಡಿಗ್ರಿ ಸರ್ಟಿಫಿಕೇಟ್‌ಗಿಂತ ಈ ಕೇಸಿನ ಕಾಗದ ಜಾಸ್ತಿ ದೂರ ಹಿಂದೆ ಬರುತ್ತೆ ಅಂತ ತಿಳಿಯಲಿ.

ಹೋಗುವ ಮೊದಲು ಕಾಕನನ್ನು ಕೇಳಿ. ದೂರು ಬೇಡ ಅಂದರೆ ಒತ್ತಾಯ ಮಾಡಬೇಡಿ. ದಿನಾ ಒಬ್ಬರೇ ಆ ರಸ್ತೆಯಲ್ಲಿ ಓಡಾಡಬೇಕಾದವರು ಅವರು.

ಸಿದ್ದಾಪುರ ಟೀಚರ್:

ಕಣದಮನೆ ಅಣ್ಣ, ನಿಮ್ಮ ಬರಹ ಓದಿ ರಾತ್ರಿ ಊಟ ಸೇರಲಿಲ್ಲ. ನಮ್ಮ ಅಪ್ಪನೂ ಸೈಕಲ್ಲಿನಲ್ಲಿ ಮೀನು ಮಾರಿದವರೇ.

ಟೋಪಿ ವಿಷಯ ಒಂದು ಹೇಳಿಬಿಡ್ತೀನಿ. ವುಜೂ, ಅಂದ್ರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವಾಗ, ಒದ್ದೆ ಕೈಯಿಂದ ತಲೆ ಸವರಬೇಕು, ಕಿವಿ ಒರೆಸಬೇಕು. ಚಳಿಗೆ ಹಾಕಿದ ಮಂಕಿ ಕ್ಯಾಪ್ ಮೇಲಕ್ಕೆ ಮಡಿಚಿರ್ತಾರೆ. ಅದೇ ಅಂಟಿದ ಟೋಪಿ ಥರ ಕಂಡಿರುತ್ತೆ. ಕೊನೆಗೆ ತೊಳೆಯೋದು ಕಾಲು, ಅದಕ್ಕೇ ನಲ್ಲಿ ಬುಡದಲ್ಲಿ ಬಗ್ಗಿದ್ದು. ನನ್ನ ಅಜ್ಜನೂ ಜನವರಿಯಲ್ಲಿ ಹಾಗೇ ಮಾಡ್ತಿದ್ರು, ಹಲ್ಲು ಕಟಕಟ ಅಂತ.

ಅಳಿಯನ ಬಗ್ಗೆ ಕೇಳಿದ್ರಿ. ನಮ್ಮ ಮನೆಯಲ್ಲೂ ಒಬ್ಬ ಇದ್ದಾನೆ. ನನ್ನ ತಂಗಿ ಮಗ, ಹತ್ತೊಂಬತ್ತು. ಹೋದ ವರ್ಷ ಎಮ್ಮೆಮಾಡು ಉರೂಸ್‌ಗೆ ಎಲ್ಲರೂ ಹೊರಟಾಗ "ದರ್ಗಾಗೆ ಹೋಗೋದು ಪಾಪ, ನೀವೆಲ್ಲ ದಾರಿ ತಪ್ಪಿದವರು" ಅಂದ. ಯಾರಿಗೆ? 82 ವರ್ಷದ ನಮ್ಮ ಉಮ್ಮಾಗೆ. ಅವರು ಕೈಹಿಡಿದು ನಡೆಸಿಕೊಂಡು ಹೋದ ಮಗು ಅದು. ಆ ಉರೂಸ್‌ಗೆ ಕೊಡವರು, ಗೌಡರು ಎಲ್ಲರೂ ಬರ್ತಾರೆ, ಹರಕೆ ಹೊರ್ತಾರೆ. ಇವನಿಗೆ ಅದೂ ತಪ್ಪು. "ಅವರ ಹಬ್ಬದ ಊಟ ಮಾಡಬಾರದು" ಅಂತ ಶುರು ಮಾಡಿದ. ಪಕ್ಕದ ಮನೆಯವರು ಪುತ್ತರಿ ಸುಗ್ಗಿ ಹಬ್ಬಕ್ಕೆ ಕಳಿಸಿದ ಪಾಯಸ ಫ್ರಿಜ್‌ನಲ್ಲೇ ಹಳಸಿತು. ಇದನ್ನು ಹೊರಗೆ ಹೇಳಿಕೊಂಡವರಲ್ಲ ನಾವು. ಇವತ್ತು ಹೇಳ್ತಿದ್ದೀನಿ.

ಫೋನ್ ಕಿತ್ತುಕೊಂಡೆವು. ಅವನು ಗೆಳೆಯನ ಫೋನ್‌ನಲ್ಲಿ ನೋಡಿದ. ಆಮೇಲೆ ನಾನು ಬೇರೆ ಮಾಡಿದೆ. ಪಕ್ಕದಲ್ಲಿ ಕೂತು "ನೀನು ನೋಡೋದನ್ನ ನಂಗೂ ತೋರಿಸು" ಅಂದೆ. ಒಂದು ಗಂಟೆ ಬಾಯಿ ಬಿಡದೆ ನೋಡಿದೆ. ಮೊದಲು ಕುರ್‌ಆನ್ ಪಾರಾಯಣ, ನಿಜಕ್ಕೂ ಚೆಂದ ಇತ್ತು. ಅದು ಮುಗಿದ ಕೂಡಲೇ ತಾನಾಗೇ ಇನ್ನೊಂದು ಶುರು, ನಮಾಜ್ ಹೇಗೆ ಮಾಡಬೇಕು ಅಂತ. ಮೂರನೇದು, ನಮಾಜ್ ತಪ್ಪು ಮಾಡುವವರು ಯಾರು ಅಂತ. ಐದನೇದರಲ್ಲಿ ಒಬ್ಬ ಮೇಜು ಕುಟ್ಟಿ ಕಿರುಚುತ್ತಿದ್ದ. ನಾವು ಒಂದು ಗುಂಡಿಯೂ ಒತ್ತಿರಲಿಲ್ಲ. "ಇವನನ್ನ ನೀನು ಹುಡುಕಿದ್ಯಾ?" ಅಂತ ಕೇಳಿದೆ. "ಇಲ್ಲ, ಬಂತು" ಅಂದ. ಆ "ಬಂತು" ಅನ್ನೋ ಮಾತು ಅವನಿಗೇ ವಿಚಿತ್ರ ಅನ್ನಿಸಿರಬೇಕು, ಸ್ವಲ್ಪ ಹೊತ್ತು ಸುಮ್ಮನಾದ.

ಅವನ ಕೈಯಲ್ಲೇ ತಾನಾಗಿ ಓಡೋದನ್ನ ಆಫ್ ಮಾಡಿಸಿದೆ. ಹಳೇ ವಾಚ್ ಹಿಸ್ಟರಿ ಅಳಿಸಿಸಿದೆ. ಎರಡು ವಾರ ಬರೀ ಫುಟ್‌ಬಾಲ್ ಬಂತು. ಈಗ ಪೂರ್ತಿ ಸರಿಹೋಗಿದ್ದಾನೆ ಅಂತ ಹೇಳಲ್ಲ. ಈ ಸಲವೂ ಉರೂಸ್‌ಗೆ ಬರಲಿಲ್ಲ. ಆದ್ರೆ ಉಮ್ಮಾನ ದರ್ಗಾ ಗೇಟ್‌ವರೆಗೆ ಬೈಕಲ್ಲಿ ಬಿಟ್ಟು ಬಂದ.

ನಿಮ್ಮ ಅಳಿಯನ ಜತೆ ಒಂದು ಗಂಟೆ ಕೂತ್ಕೊಳ್ಳಿ. ಬೈಯಬೇಡಿ. ಬೈದ್ರೆ "ಮನೆಯವರೂ ನಿನ್ನ ಮಾತು ಕೇಳಲ್ಲ" ಅಂತ ಆ ವಿಡಿಯೊದವನು ಮೊದಲೇ ಹೇಳಿಕೊಟ್ಟಿರ್ತಾನೆ.

ಮತ್ತೆ ಕಾಕನ ಮನೆಗೆ ಫೋನ್ ಸಾಲದು. ಹೋಗಿ.

ನೇರನುಡಿ:

ಟೀಚರ್ ಮೇಡಂ ಬರೆದದ್ದು ಓದಿದೆ. ನನ್ನ ಮಾತು ವಾಪಸ್ ತಗೊಳ್ಳಲ್ಲ, ಎಚ್ಚರ ಬೇಕೇ ಬೇಕು. ಆದ್ರೆ ಆ 12:42 ನೋಡಿದ್ರೆ ನಾನೂ ಫಾರ್ವರ್ಡ್ ಮಾಡ್ತಿದ್ದೆ. ಅದು ನಿಜ. ನಮ್ಮ ಮನೆ ಕ್ಯಾಮೆರಾ ಟೈಮ್ ನೋಡಿಕೊಂಡು ಬಂದೆ, ಸರಿ ಇದೆ. ಅಕೌಂಟ್ ಮಾತ್ರ ಅಂಗಡಿಯವನ ನಂಬರ್‌ನಲ್ಲೇ ಇದೆ. ಅದನ್ನು ಹೇಗೆ ಬದಲಾಯಿಸೋದು ವೈರಿಂಗ್ ಅವರೇ?

ಗೋಣಿಕೊಪ್ಪ ವೈರಿಂಗ್:

ಅಂಗಡಿಯವರ ಫೋನ್‌ನಿಂದಲೇ ಆ ಕ್ಯಾಮೆರಾನ ತೆಗೆಸಿ. ಆಮೇಲೆ ರೀಸೆಟ್ ಗುಂಡಿ ಒತ್ತಿ ಹಿಡಿದು ನಿಮ್ಮ ನಂಬರ್‌ನಲ್ಲಿ ಹೊಸದಾಗಿ ಸೇರಿಸಿ. ಮೊದಲೇ ರೀಸೆಟ್ ಮಾಡಿದ್ರೆ ಕೆಲವು ಕಂಪನಿಯದು ಹಳೇ ನಂಬರ್‌ಗೇ ಅಂಟಿಕೊಂಡಿರುತ್ತೆ. ರೀಸೆಟ್ ಆದ ಮೇಲೆ ಟೈಮ್‌ಜೋನ್ ಮತ್ತೆ ನೋಡಿ. ಮತ್ತೆ ನೋಡಿ ಅಂದೆ, ಮರೀಬೇಡಿ.

ಕಣದಮನೆ:

ಎಲ್ಲರಿಗೂ ಉತ್ತರ ಕೊಡೋಕೆ ತಡವಾಯಿತು. ಕೊಯ್ಲು ಮುಗಿಯುವ ಸಮಯ.

ಭಾನುವಾರ ಕಾಕನ ಮನೆಗೆ ಹೋದೆ. ಅಳಿಯನನ್ನೂ ಕರೆದೆ. "ನಾನ್ಯಾಕೆ ಬರಲಿ" ಅಂದವನು, ಹಳೇ ಲಾಠಿಯವರು ಬರೆದ ಆ ಎರಡು ನಂಬರ್ ಹುಡುಕಿ ಓದಿರಬೇಕು, ಜೀಪ್ ಹತ್ತಿ ಕೂತ. ದಾರಿಯುದ್ದ ಒಂದು ಮಾತಿಲ್ಲ.

ಕಾಕ ಜಗಲಿಯಲ್ಲಿ ಕೂತಿದ್ದರು. ಎದ್ದು ನಿಂತರು, ಕುರ್ಚಿ ಒರೆಸಿದರು. ಅವರು ಎದ್ದು ನಿಂತದ್ದೇ ನನಗೆ ತಡೆಯಲಾಗಲಿಲ್ಲ. ಮಂಕಿ ಕ್ಯಾಪ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕಂದು ಬಣ್ಣ, ಕಿವಿ ಹತ್ತಿರ ತೂತು. ನಾನು ಸಮಯದ ಲೆಕ್ಕ ಹೇಳಿದೆ, ಇಂಗ್ಲೆಂಡಿನ ಕಥೆ. ಅವರಿಗೆ ನಗು ಬಂತು. "ಹಾಗಾದ್ರೆ ನಾನು ಲಂಡನ್‌ನಲ್ಲಿ ನಮಾಜ್ ಮಾಡಿದ್ದಾ?" ಅಂದರು. ಮೀನಿನ ದುಡ್ಡು ಕೊಡೋಕೆ ಹೋದೆ, ಮುಟ್ಟಲಿಲ್ಲ. ದೂರು ಬೇಡ ಅಂದರು.

ನಗದೇ ಇದ್ದವನು ಅವರ ಮಗ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನಂತೆ, ಸುದ್ದಿ ಕೇಳಿ ಬಂದಿದ್ದ. ಬಾಗಿಲಿಗೆ ಒರಗಿ ನಿಂತೇ ಇದ್ದ. "ನೀವು ಮನೆಗೆ ಬಂದು ಹೇಳಿದ್ದು ನಾಲ್ಕು ಜನಕ್ಕೆ ಕೇಳಿಸಿತು ಅಂಕಲ್. ಹಾಕಿದ್ದು 214 ಜನಕ್ಕೆ. ಅಲ್ಲೇ ಹೇಳಿ" ಅಂದ. ದನಿ ಏರಿಸಲಿಲ್ಲ. ನನ್ನ ಅಳಿಯನ ಕಡೆ ಒಂದು ಸಲ ನೋಡಿದ. ಇಬ್ಬರದೂ ಹೆಚ್ಚುಕಮ್ಮಿ ಒಂದೇ ಥರದ ಫೋನು, ಒಂದೇ ಥರದ ಶೂ. ನನ್ನ ಅಳಿಯ ನೆಲ ನೋಡುತ್ತಿದ್ದ. ಟೀ ಬಂತು. ಅವನು ಲೋಟ ಹಿಡಿದ, ಕುಡಿದನೋ ಇಲ್ಲವೋ ನೋಡಲಿಲ್ಲ.

ರಾತ್ರಿ ಗ್ರೂಪ್‌ಗೆ ವಾಯ್ಸ್ ಹಾಕಿದೆ. ಬರೆದರೆ ಯಾರೂ ಓದಲ್ಲ ಅಂತ ಹೆಂಡತಿ ಹೇಳಿದಳು. ನನ್ನ ಹೆಸರು ಹೇಳಿ, ಕ್ಯಾಮೆರಾ ಟೈಮ್ ತಪ್ಪಿದ್ದು ನನ್ನದು, ಬೆಳಿಗ್ಗೆ 6:12, ಅದು ನಮ್ಮ ಮೀನಿನ ಕಾಕ, ಆ ಕ್ಲಿಪ್ ಯಾರಿಗೆ ಕಳಿಸಿದ್ದೀರೋ ಅವರಿಗೆಲ್ಲ ಈ ವಾಯ್ಸ್ ಕಳಿಸಿ ಅಂತ ಹೇಳಿದೆ. ಒಂದು ನಿಮಿಷ ಹತ್ತು ಸೆಕೆಂಡು. ಮೂರು ಸಲ ಅಳಿಸಿ ನಾಲ್ಕನೇ ಸಲ ಕಳಿಸಿದ್ದು. ಹನ್ನೊಂದು ಜನ ಹೆಬ್ಬೆರಳು ಒತ್ತಿದರು. ಕೋವಿಯವರು ಏನೂ ಹೇಳಲಿಲ್ಲ. ಮೈಸೂರಿನ ಚಿಕ್ಕಮ್ಮನಿಗೆ ನಾನೇ ಕಳಿಸಿದೆ, "ಒಳ್ಳೇದಾಯ್ತು" ಅಂದರು. ಅವರು ಬೇರೆಯವರಿಗೆ ಕಳಿಸಿದರಾ ಅಂತ ಕೇಳಿದೆ, "ಯಾರ್ಯಾರಿಗೆ ಕಳಿಸಿದ್ನೋ ನೆನಪಿಲ್ಲಪ್ಪ" ಅಂದರು. ನನ್ನ ವಾಯ್ಸ್ ಮೇಲೆ ಎರಡು ಬಾಣ ಇನ್ನೂ ಬಂದಿಲ್ಲ. ಐದು ನಿಮಿಷಕ್ಕೆ ಅದರ ಕೆಳಗೆ "ಹೊಳೆ ಬದಿ ಗದ್ದೆಯಲ್ಲಿ ಒಂಟಿ ಸಲಗ" ಅಂತ ಬಂತು, ಎಲ್ಲರೂ ಅತ್ತ ಹೋದರು.

ಗ್ರೂಪ್ ಅಡ್ಮಿನ್‌ಗಳು ಈಗ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡೋಣ ಅಂತಿದ್ದಾರೆ. ಆನೆ ಬಂದಾಗ ಅಡ್ಮಿನ್ ನಿದ್ದೆ ಮಾಡುತ್ತಿದ್ದರೆ ಏನು ಗತಿ ಅಂತ ಜಗಳ ನಡೆದಿದೆ.

ಟೀಚರ್ ಮೇಡಂ, ಅಳಿಯನ ಜತೆ ಇನ್ನೂ ಕೂತಿಲ್ಲ. ಮರುದಿನವೇ ಕಾಲೇಜಿಗೆ ಹೋದ. ಹೋಗುವಾಗ ಗೇಟ್ ಹತ್ತಿರ ನಿಂತು ಕ್ಯಾಮೆರಾ ನೋಡಿ "ಟೈಮ್ ಸರಿ ಮಾಡಿದ್ರಾ ಮಾವ?" ಅಂತ ಕೇಳಿದ. ಮಾಡಿದ್ದೇನೆ ಅಂದೆ. ಏಪ್ರಿಲ್‌ನಲ್ಲಿ ಬರುತ್ತಾನೆ, ಆಗ ನೋಡೋಣ.

ಕಾಕ ಇನ್ನೂ ನಮ್ಮ ದಾರಿಗೆ ಬಂದಿಲ್ಲ. ಬೇರೆ ಕಡೆ ವ್ಯಾಪಾರ ಕುದುರಿದೆ ಅಂತ ಫೋನ್‌ನಲ್ಲಿ ಹೇಳಿದರು. ನಾನೀಗ ನಾಪೋಕ್ಲು ಪೇಟೆಗೆ ಹೋಗಿ ಮತ್ತಿ ತರುತ್ತೇನೆ. ನಾಯಿಗೆ ತಲೆ ಸಿಗುತ್ತಿಲ್ಲ, ಅಂಗಡಿಯವರು ಕತ್ತರಿಸಿ ಬಿಸಾಡಿರುತ್ತಾರೆ. ಆ ಎರಡು ಚೀಲ ಕಾಫಿ ಯಾರು ಒಯ್ದರೋ ಇವತ್ತಿಗೂ ಗೊತ್ತಿಲ್ಲ.